ನಾಲ್ಕು ಮೂಲೆಗೆ ಅರಿಶಿನ

ನನ್ನ ಸೋದರಮಾವನಿಗೆ ಹೆಣ್ಣುಮಕ್ಕಳೇ ಇರಲಿಲ್ಲ. ಆದರೂ ಅವರಷ್ಟು ಕನ್ಯಾದಾನ ಮಾಡಿದವರು ಇಡೀ ಗುಬ್ಬಿ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ!

ಗಾಬರಿಯಾಗಬೇಡಿ. ಅವರು ದಾಟಿಸುತ್ತಿದ್ದುದು ಹಳೇ ಕಾಲದ ಚಿತ್ರದ ಪೋಸ್ಟ್‌ಕಾರ್ಡುಗಳನ್ನು. ಗುಜರಿ ಅಂಗಡಿಗಳಲ್ಲಿ ಹೆಕ್ಕಿ ತಂದ ಕೆರೆ, ಕೋಟೆ, ಸಂತೆಗಳ ಕಪ್ಪುಬಿಳುಪು ಚಿತ್ರಗಳು ಅವರ ಟ್ರಂಕಿನ ತುಂಬ ಇದ್ದವು. ಎರಡು ಸಾವಿರದ ಇಸವಿ ದಾಟಿ ತುಮಕೂರಿನಲ್ಲಿ ಬೀದಿಗೊಂದು ಸೈಬರ್ ಸೆಂಟರ್ ಹುಟ್ಟಿಕೊಂಡಾಗ, ಇಂಥವನ್ನು ಇಂಟರ್‌ನೆಟ್ಟಿನಲ್ಲಿ ಹರಾಜು ಹಾಕಬಹುದು, ಪರದೇಶದವರು ಮುಗಿಬಿದ್ದು ಕೊಳ್ಳುತ್ತಾರೆ ಎಂದು ಅವರ ಕಿವಿಗೆ ಹಾಕಿದವನು ನಾನೇ. ಅವತ್ತಿನಿಂದ ಪ್ರತಿ ಭಾನುವಾರ ಗುಬ್ಬಿ ಬಸ್ಸಿಳಿದು ಮಾವ ಹಾಜರ್! ನಾನು ಸ್ಕ್ಯಾನ್ ಮಾಡಬೇಕು, ಅವರು ಪಕ್ಕದ ಕುರ್ಚಿಯಲ್ಲಿ ಕೂತು ಕೊಳ್ಳುವವರ ಗುಣನಡತೆ ವಿಚಾರಿಸಬೇಕು.

"ಈವಯ್ಯ ಎಂಥವ್ನ್ಲಾ? ಮನೆತನ ಹೆಂಗೆ?"

"ಬೆಲ್ಜಿಯಂನವನು ಮಾವ. ಅಷ್ಟೇ ಗೊತ್ತು."

"ಏನೂ ವಿಚಾರಿಸ್ದೆ ಹೆಂಗ್ಲಾ ಕೊಡೋದು?"

ಹರಾಜು ಮುಗಿದರೆ ಅವರ ಭಾಷೆಯಲ್ಲಿ 'ತಾಂಬೂಲ ಬದಲಾಯ್ತು'. ಆಮೇಲೆ ಮಾತು ತಪ್ಪುವ ಪ್ರಶ್ನೆಯೇ ಇಲ್ಲ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಳಿಸಿದ ಕಾರ್ಡುಗಳೆಲ್ಲ ಒಂದೊಂದಾಗಿ ವಾಪಸ್ ಬರತೊಡಗಿದವು! ಮೂಲೆಗಳಲ್ಲಿ ಹಳದಿ ಕಲೆ ಇದೆ, ನೀವು ತೋರಿಸಿದ ಚಿತ್ರದಲ್ಲಿ ಇರಲಿಲ್ಲ ಎಂದು ದೂರು. ನೋಡಿದರೆ, ಲಕೋಟೆಗೆ ಹಾಕುವ ಮುಂಚೆ ಮಾವ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಿದ್ದರು, ಮದುವೆ ಕರೆಯೋಲೆಗೆ ಹಚ್ಚುವ ಹಾಗೆ.

"ಏನ್ ಮಾವ ಇದು?"

"ಮನೆ ಬಿಟ್ಟು ಹೋಗೋ ಮಗೀನ ಬೋಳುಬೋಳಾಗಿ ಕಳಿಸ್ತಾರೇನ್ಲಾ? ಅರಿಶ್ನ ಇಲ್ದಿರೋ ಕಾಗ್ದ ಸಾವಿನ ಸುದ್ದಿ ಕಣೋ!"

ಬೆಲ್ಜಿಯಂನವನಿಗೆ ಇದನ್ನು ಯಾರು ವಿವರಿಸುವುದು? ಪ್ಯಾಕಿಂಗ್ ಕೆಲಸವನ್ನು ನಾನೇ ಕಿತ್ತುಕೊಂಡೆ. ಆಮೇಲೆ ಒಂದೂ ವಾಪಸ್ ಬರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಅಮ್ಮನೂ ಸೈಬರಿಗೆ ಬಂದಳು. ಆಗಷ್ಟೇ ಕುಣಿಗಲ್ ಕೆರೆ ಏರಿಯ ಕಾರ್ಡಿನ ಹರಾಜು ಮುಗಿದು, ಇಂಗ್ಲೆಂಡಿನ ಹೆಂಗಸೊಬ್ಬಳ ಪಾಲಾಗಿತ್ತು. ಅಮ್ಮ, ಮಾವ ಇಬ್ಬರೂ ಹುಟ್ಟಿ ಬೆಳೆದ ಊರಿನ ಕೆರೆಯಲ್ಲವೇ, ಚೆನ್ನಾಗಿ ನೋಡಲಿ ಎಂದು ಚಿತ್ರವನ್ನು ಪರದೆ ತುಂಬ ದೊಡ್ಡದು ಮಾಡಿದೆ. ಏರಿಯ ಮೇಲೆ ಬಲಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು, ಎಡಗೈಯನ್ನು ಹಣೆಗೆ ಅಡ್ಡ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳೊಬ್ಬ ಹೆಂಗಸು.

"ಅಣ್ಣಾ, ಅಮ್ಮ ಕಣೋ!" ಎಂದು ಅಮ್ಮ ಚೀರಿದಳು.

ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಕ್ಯಾಮೆರಾ ಕಂಡರೆ ಒಳಗೋಡುತ್ತಿದ್ದ ನಮ್ಮ ಅಜ್ಜಿ! ಅವಳದೊಂದು ಚಿತ್ರವೂ ಮನೆಯಲ್ಲಿರಲಿಲ್ಲ. ಅಂಥವಳು ಅಂಗೈಯಗಲದ ಕಾರ್ಡಿನಲ್ಲಿ ಕಡ್ಡಿಯಷ್ಟಾಗಿ ನಿಂತು, ವರ್ಷಗಟ್ಟಲೆ ಮಗನ ಟ್ರಂಕಿನಲ್ಲೇ ಇದ್ದಳು. ಮಾವ ಪರದೆಗೆ ಮೂಗು ತಾಗಿಸಿ ನೋಡಿದರು.

"ಆಯಮ್ಮಂಗೆ ಬರೆದು, ಕೊಡಲ್ಲ ಅಂದ್ಬಿಡೋಣ ಮಾವ."

"ತಾಂಬೂಲ ಬದಲಾದ್ಮೇಲೆ ಹಂಗಂತಾರೇನ್ಲಾ?"

ಪ್ರಿಂಟ್ ತೆಗೆಸಿದೆವು. ಆ ದರಿದ್ರ ಪ್ರಿಂಟರಿನಲ್ಲಿ ಕೆರೆ ಬಂತು, ಏರಿ ಬಂತು, ಅಜ್ಜಿಯ ಮುಖವಿದ್ದಲ್ಲಿ ಮಸಿ ಬಂತು!

"ಈ ಸಲ ನಾನೇ ಪ್ಯಾಕ್ ಮಾಡ್ತೀನಿ ಬುಡು," ಎಂದರು ಮಾವ. ನಾಲ್ಕು ಮೂಲೆಗೂ ಅರಿಶಿನವನ್ನು ಮೆತ್ತಿದರು ಅನ್ನಬೇಕು, ಅಷ್ಟು ದಪ್ಪ! ಅದ್ಯಾಕೆ ಎಂದು ನನಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಮಾತು ತಪ್ಪಿದ ಹಾಗೂ ಆಗಬಾರದು, ಕಾರ್ಡು ವಾಪಸ್ಸೂ ಬರಬೇಕು. ಅವತ್ತಿನಿಂದ ಮಾವ ಗುಬ್ಬಿಯ ಪೋಸ್ಟ್‌ಮ್ಯಾನನ್ನು ದಿನಾ ಬೀದಿ ತುದಿಯಲ್ಲೇ ಅಡ್ಡಗಟ್ಟತೊಡಗಿದರು.

ಕಾರ್ಡು ಬರಲಿಲ್ಲ. ಆ ಹೆಂಗಸಿನ ಈಮೇಲ್ ಬಂತು. ಮಾವನಿಗೆ ಕನ್ನಡದಲ್ಲಿ ಹೇಳಿದೆ: 'ಮೂಲೆಯ ಹಳದಿ ಬಹಳ ಚಂದ. ಶುಭಕ್ಕೆಂದು ಹಚ್ಚುತ್ತೀರಂತೆ, ಓದಿ ತಿಳಿದೆ. ಒರೆಸದೆ ಹಾಗೇ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ.'

ಅಷ್ಟು ಜನ ದೂರಿದ ಅರಿಶಿನ ಇವಳೊಬ್ಬಳಿಗೆ ಹಿಡಿಸಬೇಕೇ! ಇವತ್ತಿಗೂ ನೆನೆಸಿಕೊಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಮಾವ ಅದನ್ನು ಇನ್ನೊಂದು ಸಲ ಓದಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಆಯಮ್ಮಂಗೆ ಒಂದ್ ಮಾತು ಬರೀತೀಯೇನ್ಲಾ?"

"ಹೇಳಿ ಮಾವ."

"ಬಿಸ್ಲು ಬೀಳೋ ಗೋಡೆಗೆ ಹಾಕ್ಬೇಡಿ ಅಂತ ಬರಿ. ಅಮ್ಮಂಗೆ ಬಿಸ್ಲು ಆಗ್ತಿರ್ಲಿಲ್ಲ."