ಶ್ರಾವಣಕ್ಕಿಂತ ಮೊದಲ ಮನಿಗೆ ಬಂದ ಮೀನ

ನಮ್ಮ ಮನ್ಯಾಗ ಒಂದ್ ಹೊಸಾ ಸಾಮಾನ ಬಂತಂದ್ರ ಒಂದ್ ವಾರ ನಗಾಕ ಕೆಲಸ ಸಿಕ್ಕಂಗ. ಮಿಕ್ಸರ್ ಬಂದಾಗೂ ಹಂಗ ಆತು, ಟೀವಿ ಬಂದಾಗೂ ಹಂಗ ಆತು. ಮೀನಿನ ಪೆಟಗಿ ಬಂದಾಗ ಮಾತ್ರ ಎಲ್ಲಾದಕ್ಕಿಂತ ಜಾಸ್ತಿ ಆತು. ನಾ ಮಂದಿ ಮುಂದ ಮಾತಾಡಾಕಿ ಅಲ್ಲ. ಮನಿಗೆ ಯಾರರ ಬಂದ್ರ ಪುಸ್ತಕ ತೊಗೊಂಡು ಬಾಗಲ ಹಿಂದ ಕುಂಡ್ರಾಕಿ. ಹಂಗಾಗಿ ಇದನ್ನ ಇಲ್ಲೀತನ ಯಾರಿಗೂ ಹೇಳಿಲ್ಲ.

ಈಗ ನಮ್ಮ ತಮ್ಮ ಮೂರನೇ ಇಯತ್ತೆ. ಸಾಲಿಯಿಂದ ಬಂದಾಂವನ ಚೀಲ ಒಗದು ಕ್ರಿಕೆಟ್ ಆಡಾಕ ಓಡತಾನ. ಆವಾಗ ಅವಗ ನಾಕ ವರ್ಷ. ಪೆಟಗಿ ಗಾಜಿಗೆ ಮೂಗ ಒತ್ತಿ ನಿಂತಾಂವ ಊಟಕ್ಕ ಕರದ್ರೂ ಸರೀತಿರಲಿಲ್ಲ. ಅಂವನ ಮೂಗಿನ ಗುರುತು ಒರಸಿ ಒರಸಿ ಅವ್ವಗ ಬ್ಯಾಸರ ಬಂದಿತ್ತು. ಈಗ ಗಾಜು ದಿನಾ ಸ್ವಚ್ಛ ಇರತೈತಿ. ನೋಡಿದ್ರ ನನಗ ಒಂಥರಾ ಆಗತೈತಿ.

ಸೂಜಿ

ಎಲ್ಲಾ ಶುರು ಆಗಿದ್ದು ಗೋಕಾಕದ ಒಂದ್ ದವಾಖಾನ್ಯಾಗ. ತಮ್ಮಗ ಜ್ವರ ಬಂದಿತ್ತು. ಸೂಜಿ ಅಂದ್ರ ಅಂವ ಓಣಿ ಕೂಡಸಂಗ ಅಳತಿದ್ದ. ಅಲ್ಲೆ ಮಂದಿ ಕುಂಡ್ರೂ ಜಾಗಾದಾಗ ಗಾಜಿನ ಪೆಟಗಿ, ಅದರಾಗ ಕೆಂಪ ಮೀನ. ತಮ್ಮ ನೋಡಕೊಂತ ನಿಂತ. ಕಂಪೌಂಡರ್ ಬಂದು ಅಂವ ನಿಂತಲ್ಲೇ ಸೂಜಿ ಮಾಡಿ ಹೋದ. ಅವಗ ಗೊತ್ತ ಆಗಲಿಲ್ಲ.

ಅಪ್ಪಗ ಭಾಳ ಖುಷಿ ಆತು. ಆ ಖುಷಿ ಮನಿಗೆ ಹೊಂಡೂತನ ಇತ್ತು. "ನಡಿ" ಅಂದ್ರ ಬರವಲ್ಲ, ಎತ್ತಿಕೊಂಡ್ರ ಒದೀತಾನ. ಸೂಜಿಗೆ ಅಳಬೇಕಾಗಿದ್ದ ಅಳು ಎಲ್ಲಾ ಕೂಡಿಸಿ ಅಲ್ಲೇ ಅತ್ತ. ಕಡೀಕ ಅಪ್ಪ, "ನಿನಗೂ ಒಂದ್ ಪೆಟಗಿ ಕೊಡಸ್ತೇನಿ" ಅಂದಾಗ ಬಾಯಿ ಮುಚ್ಚಿದ.

ಮನ್ಯಾಗ ಆಯಿ, ಅಂದ್ರ ಅಪ್ಪನ ಅವ್ವ, ಕೇಳಿದ್ಳು. "ಮೀನ? ಕೊಳ್ಳಾಗ ಲಿಂಗ ಕಟಗೊಂಡವರ ಮನ್ಯಾಗ?"

"ತಿನ್ನಾಕಲ್ಲಬೇ, ನೋಡಾಕ."

"ನೋಡಾಕ ಕಾಲುವಿ ಐತಲ್ಲ."

ಭಾಳ ವಾದ ಆತು. ಕಡೀಕ ಆಯಿ ಒಂದ್ ಕರಾರ ಹಾಕಿದ್ಳು. ಶ್ರಾವಣದ ಮೊದಲ ಸೋಮವಾರ ನಮ್ಮ ಮನಿಗೆ ಅಯ್ನಾರು ಪ್ರಸಾದಕ್ಕ ಬರತಾರ. ನಮ್ಮ ಮನಿತನದ ಪೂಜಿ, ಮದವಿ ಎಲ್ಲಾ ಮಾಡಸೂ ಹಿರ್ಯಾರು ಅವರು. "ಅಲ್ಲೀತನ ಇರಲಿ. ಅವರು ನೋಡಿ ಮಾರಿ ಗಂಟ ಹಾಕಿದ್ರ ಅವತ್ತ ಸಂಜೀಕ ಮೀನ ಕಾಲುವಿಗೆ."

ಇದನ್ನ ಕೇಳಿ ನಾ ಕ್ಯಾಲೆಂಡರ್ ತಗದು ಶ್ರಾವಣಕ್ಕ ಎಷ್ಟ ದಿನ ಐತಂತ ಎಣಿಸಿದೆ. ತಮ್ಮ ಮಾತ್ರ, "ಕಾಲುವ್ಯಾಗ ಮೀನ ಅದಾವಂತ ಮೊದಲ ಯಾಕ ಹೇಳಲಿಲ್ಲ? ಅವನ್ನೂ ತರೂಣು" ಅಂದ.

ಬಸ್ಸಿನಾಗ

ಮೀನ ತೊಗೊಂಡು ಗೋಕಾಕದಿಂದ ನಮ್ಮೂರು ತುಕ್ಕಾನಟ್ಟಿಗೆ ನಾನು, ಅಪ್ಪ, ತಮ್ಮ ಬಸ್ಸಿನಾಗ ಬಂದ್ವಿ. ಅಪ್ಪನ ತೊಡಿ ಮ್ಯಾಲ ಗಾಜಿನ ಪೆಟಗಿ, ಅದರಾಗ ಗಾಳಿ ಊದೂ ಸಣ್ಣ ಮೋಟರ್, ತಳಕ್ಕ ಹಾಸಾಕ ಒಂದ್ ಪುಡಿಕಿ ಹಳ್ಳು. ತಮ್ಮನ ಕೈಯಾಗ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರಾಗ ಬಟ್ಟಿನಷ್ಟ ಮೀನ. ಅರಭಾವ್ಯಾಗ ಕಾಲೇಜ್ ಹುಡುಗರು ಹತ್ತಿದ ಮ್ಯಾಲ ಗದ್ದಲ ಆತು. ತಮ್ಮ ಎಲ್ಲಾರಿಗೂ, "ದೂಕಬ್ಯಾಡ್ರಿ, ಮಲಗ್ಯಾವ" ಅಂತ ಹೇಳಕೊಂತ ಕುಂತ.

ಬಾಜೂ ಸೀಟಿನಾಗ ನಮ್ಮ ಓಣ್ಯಾಕಿ ಒಬ್ಬಾಕಿ ಇದ್ಳು. ಚೀಲ ನೋಡಿದ್ಳು, ಅಪ್ಪನ್ನ ನೋಡಿದ್ಳು. ದನಿ ಸಣ್ಣ ಮಾಡಿ, "ಏನ್ರಿ ಅಣ್ಣಾರ, ನಿಮ್ಮ ಮನ್ಯಾಗೂ ಶುರು ಆತೇನ್ರಿ?"

"ಇಲ್ರಿ ಅಕ್ಕಾರ. ಸಾಕಾಕ ತಂದೇವ್ರಿ."

"ಹೌದ್ರಿ, ಮೊದಲ ಎಲ್ಲಾರೂ ಸಾಕಾಕ ಅಂತಾರ್ರಿ."

ಅಪ್ಪ ಊರು ಬರೂತನ ಕಿಡಕಿ ಹೊರಗ ನೋಡಕೊಂತ ಕುಂತ. ಇಳಿಯೂ ಮುಂದ ಅಕಿಗೆ ಕರುಣೆ ಬಂದಿರಬೇಕ. "ತಪ್ಪ ತಿಳಕೋಬ್ಯಾಡ್ರಿ ಅಣ್ಣಾರ. ಮನ್ಯಾಗ ಇಷ್ಟ ಮಂದಿ ಅದೀರಿ. ಇಷ್ಟ ಸಣ್ಣ ಮೀನ ಹೆಂಗ ಸಾಲತಾವು?"

ಪೂಜಿ

ಹೊಸಾ ಸಾಮಾನ ಪೂಜಿ ಇಲ್ಲದ ನಮ್ಮ ಮನ್ಯಾಗ ಬಳಸಂಗಿಲ್ಲ. ಅಪ್ಪನ ತಮ್ಮ, ನಮ್ಮ ಕಾಕಾ, ಆ ಕೆಲಸ ಹಿಡದ. ಗಾಜಿಗೆ ವಿಭೂತಿ ಎಳದ, ನಡುವ ಕುಂಕುಮ ಇಟ್ಟ. ಕಾಯಿ ಒಡದು ಅದರ ನೀರನ್ನ ಮೀನ ಬಿಟ್ಟಿದ್ದ ಪೆಟಗ್ಯಾಗ ಹಾಕಿದ. ಸಾಲಿ ಲೈಬ್ರರಿ ಪುಸ್ತಕದಾಗ ಮೀನಿನ ವಿಷಯ ಓದಿಟ್ಟಾಕಿ ನಾ ಒಬ್ಬಾಕಿ. "ಕಾಕಾ, ನೀರಾಗ ಏನೂ ಹಾಕಬಾರದಂತ" ಅಂದೆ. ನನ್ನ ದನಿ ನನಗ ಸರಿಯಾಗಿ ಕೇಳಲಿಲ್ಲ, ಕಾಕಾಗ ಎಲ್ಲಿ ಕೇಳಬೇಕ. ಅಂವ ಒಂದ್ ಚಿಮಟಿ ಅರಿಷಿಣ ಅಂತ ಹೇಳಿ ಒಂದ್ ಮುಟಗಿ ಹಾಕಿದ.

ನೀರು ಚಿತ್ರಾನ್ನದ ಬಣ್ಣಕ್ಕ ಬಂತು. ಮೀನ ಕಾಣವಲ್ವು.

"ನನ್ನ ಮೀನ ಎಲ್ಲಿ ಹೋದ್ವು?" ತಮ್ಮ ಗಾಜಿಗೆ ಮೂಗ ಒತ್ತಿ ಹುಡಕಿದ.

ಅವ್ವ ಚಾ ಸೋಸೂ ಜಾಳಗಿ ತಂದ್ಳು. ಹಿಂದಿನ ದಿನಾನ ನಾ ತುಂಬಿ ಇಟ್ಟಿದ್ದ ಬಕೀಟಿನ ನೀರಿಗೆ ನಾವಿಬ್ಬರೂ ಒಂದೊಂದ ಮೀನ ಎತ್ತಿ ಬಿಟ್ವಿ. ಎಲ್ಲಾ ಬದುಕಿದ್ವು. ಕಾಕಾ ಅಲ್ಲೇ ಕಾಯಿ ಹೋಳ ಹಿಡಕೊಂಡು ನಿಂತಿದ್ದ. "ಹೊಸಾ ಟ್ರ್ಯಾಕ್ಟರಿಗೂ ಇಷ್ಟ ಹಾಕಿದ್ದೆ. ಅದು ಏನೂ ಅನ್ನಲಿಲ್ಲ."

ಹಸಿವಿ

ಆಯಿ ಮೊದಮೊದಲ ಪೆಟಗಿ ಮುಂದ ಹಾಯೂವಾಗ ಮಾರಿ ಆ ಕಡೆ ಮಾಡತಿದ್ಳು. ಆದ್ರ ನೀರು ಯಾಕೋ ದಿನಾ ರಾಡಿ ಆಗಾಕತ್ತಿತು. ಒಂದಿನ ಮಧ್ಯಾಹ್ನ ನಾ ಬಾಗಲ ಹಿಂದ ಓದಕೊಂತ ಕುಂತಿದ್ದೆ. ಆಯಿ ಬಂದ್ಳು. ಆ ಕಡೆ ಈ ಕಡೆ ನೋಡಿದ್ಳು. ಸೆರಗಿನ ಗಂಟ ಬಿಚ್ಚಿ ಜ್ವಾಳದ ರೊಟ್ಟಿ ಚೂರು ಒಳಗ ಉದರಸಿದ್ಳು. "ತಿನ್ರಿ. ನಿಮ್ಮನ್ನ ಊಟಾ ಆತೇನಂತ ಈ ಮನ್ಯಾಗ ಯಾರೂ ಕೇಳವಲ್ರು."

ನಾ ಹೊರಗ ಬಂದೆ. ಆಯಿ ಏನೂ ಅಂಜಲಿಲ್ಲ. "ಮುಂಜಾನಿಂದ ಬಾಯಿ ತಗದು ತಗದು ಬೇಡಾಕತ್ತಾವ. ಬ್ಯಾಡ ಅಂದಾಕಿ ನಾನ, ಖರೆ. ಅಯ್ನಾರು ಹೆಂಗ ಅಂತಾರೋ ಹಂಗ, ಅದೂ ಖರೆ. ಆದ್ರ ಅಲ್ಲೀತನ ಉಪಾಸ ಇಡಾಕ ಬರೂದಿಲ್ಲ."

"ಆಯಿ, ಅವು ಬೇಡಾಕತ್ತಿಲ್ಲ. ಉಸರಾಡಾಕತ್ತಾವ."

ಆಯಿ ಸೆರಗ ಝಾಡಿಸಿ ಉಳದ ಚೂರೂ ನೀರಿಗೆ ಹಾಕಿದ್ಳು. "ಹಂಗಾರ ನಿಮ್ಮ ಕಾಕಾನೂ ದಿನಾ ಅಡಗಿಮನ್ಯಾಗ ಬಂದು ಉಸರಾಡಿ ಹೋಗತಾನ ಅನ್ನು."

ಸೋಮವಾರ

ಆ ಸೋಮವಾರ ಬಂದ ಬಂತು. ಅವ್ವ ಹೋಳಗಿ ಮಾಡಿದ್ಳು. ತಮ್ಮ ಎದ್ದಾಗಿಂದ ಪೆಟಗಿ ತಬ್ಬಿಕೊಂಡು ಕುಂತಿದ್ದ. ಅಯ್ನಾರು ಹುಕ್ಕೇರಿಯಿಂದ ಬಸ್ಸಿಗೆ ಬರೂದಿತ್ತು. ಅವರು ಬರಾಕ ಸ್ವಲ್ಪ ಮೊದಲ ಆಯಿ ತಾನ ಹೋಗಿ ತನ್ನ ಹೊಸಾ ಕೌದಿ ತಂದು ಪೆಟಗಿ ಮ್ಯಾಲ ಹೊಚ್ಚಿದ್ಳು. "ಕಾಣಲಿಲ್ಲಂದ್ರ ಅವರ ಮಾರಿ ಯಾಕ ಗಂಟ ಆಗತೈತಿ?" ನಾವೆಲ್ಲಾ ಆಯಿನ್ನ ನೋಡಿದ್ವಿ. ಆಯಿ ನಮ್ಮನ್ನ ನೋಡಲಿಲ್ಲ.

ಅಯ್ನಾರು ಬಂದ್ರು. ಪೂಜಿ ಆತು, ಪಡಸಾಲ್ಯಾಗ ಊಟಕ್ಕ ಕುಂತ್ರು. ಕೌದಿ ಒಳಗಿಂದ ಬುಳು ಬುಳು ಬುಳು ಅಂತ ಸಪ್ಪಳ. ಮೋಟರ್ ಬಂದ್ ಮಾಡಾಕ ಯಾರಿಗೂ ನೆನಪಾಗಿರಲಿಲ್ಲ.

"ಏನೋ ಕುದಿಯಾಕತ್ತೈತಲ್ರಿ" ಅಂದ್ರು ಅಯ್ನಾರು.

"ಬ್ಯಾಳಿರಿ" ಅಂದ್ಳು ಆಯಿ.

"ಪಡಸಾಲ್ಯಾಗ?"

"ಅಡಗಿಮನ್ಯಾಗ ಜಾಗಾ ಸಾಲಲಿಲ್ರಿ."

ಅಯ್ನಾರು ಒಂದ್ ತುತ್ತ ಹೋಳಗಿ ತಿಂದ್ರು. "ಕೌದಿ ಯಾಕ್ರಿ?"

"ಆರಬಾರದಂತ್ರಿ" ಅಂದ ಕಾಕಾ.

ತಮ್ಮಗ ತಡಕೊಳ್ಳಾಕ ಆಗಲಿಲ್ಲ. ಎದ್ದಾಂವನ ಕೌದಿ ಎಳದ. "ಬ್ಯಾಳಿ ಅಲ್ರಿ, ನನ್ನ ಮೀನ. ಕಾಲುವಿಗೆ ಹಾಕಬ್ಯಾಡ್ರಿ." ಎರಡೂ ಕೈ ಅಗಲ ಮಾಡಿ ಪೆಟಗಿಗೆ ಅಡ್ಡ ನಿಂತ.

ಆಯಿ ಕಣ್ಣ ಮುಚ್ಚಿದ್ಳು. ಅಯ್ನಾರು ಕೈ ತೊಳಕೊಂಡು ಬಂದು ತಮ್ಮನ ಬಾಜೂ ಚಕ್ಕಳಮಕ್ಕಳ ಹಾಕಿ ಕುಂತ್ರು. ಮೀನ ನೋಡಿದ್ರು. ನಾ ಅವರ ಮಾರಿ ನೋಡಿದೆ. ಗಂಟ ಬೀಳತೈತೇನೋ ಅಂತ ನೋಡೇ ನೋಡಿದೆ.

"ಎಲ್ಲಿ ತಂದ್ರಿ ಇವನ್ನ?"

"ಗೋಕಾಕದಾಗ್ರಿ" ಅಂದ ಅಪ್ಪ.

"ನಮ್ಮ ಮೊಮ್ಮಗಳು ಮೀನ ಬೇಕಂತ ಊಟಾ ಬಿಟ್ಟಾಳ್ರಿ. ತರಾಕ ನನಗ ಧೈರ್ಯ ಇಲ್ಲ. ಭಕ್ತರು ಮನಿಗೆ ಬರತಾರ. ನಿಮ್ಮಂಥಾ ಹಿರ್ಯಾರು ನೋಡಿದ್ರ ಏನಂತೀರೋ ಅಂತ."

ಆಯಿ ಕಣ್ಣ ತಗದ್ಳು. ಸೆರಗ ಸರಿ ಮಾಡಿಕೊಂಡ್ಳು. "ನಾವೇನಂತೇವ್ರಿ ಅಯ್ನಾರ? ಕೂಸಿನ ಆಸೆ ಅದು. ನಮ್ಮಲ್ಲೆ ಯಾರೂ ಹಂಗ ಅನ್ನಾವರಿಲ್ರಿ."

ಅಪ್ಪ ಕಾಕಾನ ಮಾರಿ ನೋಡಿದ, ಕಾಕಾ ಗ್ವಾಡಿ ನೋಡಿದ.

ಹೊಂಡೂ ಮುಂದ ಅಯ್ನಾರು ಬಾಗಲದಾಗ ನಿಂತು ನನ್ನ ಕರದ್ರು. ಸಣ್ಣ ದನಿಲೇ, "ತಂಗಿ, ನೀ ಓದಾಕಿ ಅಂತ. ಸಪ್ಪಳ ಬರಲಾರದ ಮೋಟರ್ ಸಿಗತಾವೇನವಾ? ನಮ್ಮ ಮನ್ಯಾಗೂ ಕೌದಿ ಅದಾವು."

ನಾ ಬಾಯಿ ತಗಿಯೂದರಾಗ ಆಯಿ ಹಿಂದಿಂದ ಅಂದ್ಳು, "ಅದಕ್ಯಾಕ ಖರ್ಚ ಮಾಡತೀರಿ ಅಯ್ನಾರ? ಬ್ಯಾಳಿ ಅನ್ರಿ. ನೀವು ಅಂದ್ರ ಮಂದಿ ನಂಬತಾರ."