ಪಾರ್ಕಿನ ನಕ್ಷೆಯಲ್ಲಿ ಇಲ್ಲದ ಕೋಣೆ

ಊರಿಗೆ ಒಳ್ಳೆಯದಾಗಬೇಕೆಂಬ ಆಸೆ ನನಗೂ ಇದೆ. ಆದರೆ ಆ ಒಳ್ಳೆಯದು ನನ್ನ ಮನೆಯಿಂದ ನಾಲ್ಕು ಮನೆ ಆಚೆಗಾದರೆ ಸಂತೋಷ ಹೆಚ್ಚು ಎಂಬುದು ಹೋದ ವರ್ಷ ಗೊತ್ತಾಯಿತು. ಶಿರಾ ಗೇಟ್ ಹತ್ತಿರದ ನಮ್ಮ ಬಡಾವಣೆಯ ಪಾರ್ಕನ್ನು ಹೊಸದಾಗಿ ಮಾಡುತ್ತಾರೆಂದು ಸುದ್ದಿ ಬಂತು. ಜೀವನವಿಡೀ ಬೇರೆಯವರ ಮನೆಗಳ ನಕ್ಷೆ ಬರೆದವನು ನಾನು. ಸಂಘದವರು ಇದನ್ನೂ ನನಗೇ ಒಪ್ಪಿಸಿದರು. ನಡೆಯುವ ಹಾದಿ, ಜಿಮ್ ಸಾಮಾನು, ನಡುವೆ ಕಾರಂಜಿ, ಅದರ ಸುತ್ತ ಬಣ್ಣದ ದೀಪ. ಹೆಂಡತಿ ಗಿರಿಜೆಗೆ ಎರಡು ಸಲ ತೋರಿಸಿದೆ. ಎರಡು ಸಲವೂ ಅವಳು "ಹೂಂ" ಎಂದಳು. ಆ ಹೂಂಕಾರದಲ್ಲಿದ್ದ ಎಚ್ಚರಿಕೆ ನನಗೆ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲೇ ಸಭೆ. ಪಾಲಿಕೆಯ ಎಂಜಿನಿಯರ್ ನನ್ನ ನಕ್ಷೆ ಹರವುತ್ತಿದ್ದಂತೆ ಚೇಳೂರು ಕಡೆಯ ಸರೋಜಮ್ಮ, ನಿವೃತ್ತ ಅಂಗನವಾಡಿ ಟೀಚರ್, ಎದ್ದು ನಿಂತರು.

"ಎಲ್ಲಾ ಸರಿ ಸಾರ್. ಹೆಂಗಸ್ರಿಗೆ ಅರ್ಜೆಂಟ್ ಆದ್ರೆ ಎಲ್ಲಿಗೋಗೋದು? ಶುಗರ್ ಇರೋಳು ನಾನು. ಅದ್ಕೇ ಇಲ್ಲಿಗೆ ಬರೋದೇ ಬಿಟ್ಟಿದೀನಿ."

ಶೌಚಾಲಯ ಬೇಕೆಂದು ಎಲ್ಲರೂ ಒಪ್ಪಿದರು. ತಮ್ಮ ಮನೆಯ ಎದುರು ಬೇಡವೆಂದೂ ಎಲ್ಲರೂ ಒಪ್ಪಿದರು. ದನಿಗಳು ಏರಿದವು, ಇಬ್ಬರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಎಂಜಿನಿಯರ್ ಗಡಿಯಾರ ನೋಡಿಕೊಂಡು, "ಒಳಚರಂಡಿ ಲೈನ್ ಇರೋದು ಪೂರ್ವದ ಮೂಲೇಲಿ ಮಾತ್ರ. ಇವತ್ತೇ ಒಪ್ಪಿ ಸೈನ್ ಹಾಕಿ, ಇಲ್ದಿದ್ರೆ ಈ ಕೆಲಸ ಬೇರೆ ಬಡಾವಣೆಗೆ ಹೋಗುತ್ತೆ" ಎಂದ.

ಪೂರ್ವದ ಮೂಲೆಯ ಎದುರಿಗಿರುವುದು ನನ್ನ ಮನೆ. "ಅಲ್ಲಿ ವಾಸ್ತು ಸರಿ ಬರಲ್ಲ" ಎಂದೆ.

ಹೆಂಗಸರ ನಡುವೆ ಕೂತಿದ್ದ ಗಿರಿಜೆ ತಣ್ಣಗೆ ಹೇಳಿದಳು: "ಇವ್ರು ದಿನಾ ಎರಡು ರೌಂಡ್‌ಗೇ ಮನೆಗೆ ಓಡಿ ಬರ್ತಾರಲ್ಲ, ಯಾಕೆ ಅಂತ ಕೇಳಿ. ಮನೆ ಎದುರಿಗೇ ಇದೆ, ಅದ್ಕೇ ಇವ್ರಿಗೆ ನಕ್ಷೇಲಿ ಶೌಚಾಲಯ ನೆನಪಾಗಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತು. ಸರೋಜಮ್ಮ ನನ್ನನ್ನೇ ನೋಡುತ್ತಿದ್ದರು, ಕೋಪವಿಲ್ಲದೆ, ಕಾಯುತ್ತ. ಪೆನ್ಸಿಲ್ ತೆಗೆದುಕೊಂಡು ಮೂಲೆಯಲ್ಲಿ ಒಂದು ಚೌಕ ಬರೆದೆ. ಗೆರೆ ಸೊಟ್ಟಗಾಯಿತು. ಮೊದಲ ಸಹಿಯೂ ನನ್ನದೇ.

ಈಗ ಶೌಚಾಲಯ ಬಂದ ಮೇಲೆ ಸರೋಜಮ್ಮ ಆರು ಜನ ಗೆಳತಿಯರ ಜೊತೆ ಬೆಳಿಗ್ಗೆ ಹತ್ತು ಗಂಟೆಯವರೆಗೂ ಪಾರ್ಕಿನಲ್ಲಿ ಕೂರುತ್ತಾರೆ. ಅವರ ಮಾತಿನಲ್ಲಿ ಅರ್ಧ ನನ್ನ ವಿಷಯವೇ ಎಂದು ಗಿರಿಜೆಯ ವರದಿ. ಮೊನ್ನೆ ಗುಬ್ಬಿಯಿಂದ ಬಂದ ಭಾವಮೈದ ದಾರಿ ತಪ್ಪಿ ಫೋನ್ ಮಾಡಿದ. ಪಾರ್ಕ್, ಹೊಂಗೆಮರ, ಹಸಿರು ಗೇಟು ಎಂದೆಲ್ಲ ಹೇಳಿ ಸೋತು, ಕೊನೆಗೆ ದನಿ ತಗ್ಗಿಸಿ, "ಶೌಚಾಲಯದ ಎದುರಿನ ಮನೆ" ಎಂದೆ.

"ಮೊದ್ಲೇ ಹೇಳ್ಬಾರ್ದಾ ಭಾವ," ಎಂದ ಅವನು, "ಆಟೋದವ್ನು ಆಗಿಂದ 'ಶೌಚಾಲಯದ ಎದುರಾ' ಅಂತಾನೇ ಕೇಳ್ತಾವ್ನೆ."