ಹೊರಡುವಾಗ ಹೇಳತಕ್ಕ ಮಾತು

ಬಿಡುಗಡೆಯಾಗುವ ಪ್ರತಿಯೊಬ್ಬ ಕೈದಿಯೂ ಹೊರಗೆ ಬದುಕುವುದನ್ನು ಒಳಗೇ ಕಲಿತು ಪಾಸಾಗತಕ್ಕದ್ದು ಎಂಬುದು ಚಿಕ್ಕಬಳ್ಳಾಪುರದ ಕಡೆಯ ಒಂದು ಕಾರಾಗೃಹದ ನಿಯಮ.

ಸಾದಲಿಯ ಆವುಲಪ್ಪ, ಪಕ್ಕದವರ ರೇಷ್ಮೆಗೂಡನ್ನು ಅವರಿಗಿಂತ ಮುಂಚೆ ಶಿಡ್ಲಘಟ್ಟದ ಮಾರುಕಟ್ಟೆಗೆ ಮುಟ್ಟಿಸಿದ ಉಪಕಾರಕ್ಕಾಗಿ ಒಳಗೆ ಬಂದವನು. ಬಂದ ಮೇಲೆ ಹುಟ್ಟಿದ ಮಗಳು ಅಮೃತಾಳನ್ನು ಅವನಿನ್ನೂ ಎತ್ತಿಕೊಂಡಿರಲಿಲ್ಲ. ಸನ್ನಡತೆಯ ಮೇಲೆ ಬೇಗ ಬಿಡುತ್ತಾರೆಂದು ತಿಳಿದಾಗ ಪಾಪ, ಖುಷಿಗೆ ಅವನಿಗೆ ಊಟವೇ ಸೇರಲಿಲ್ಲ.

ಜೀವನ ಕೌಶಲ ಕಲಿಸಲು ಬಂದ ಶಿರೀಷಾ ಮೇಡಂ ಎಟಿಎಂ ಬಳಸುವುದನ್ನು ಎಟಿಎಂ ಇಲ್ಲದೆಯೂ, ರಸ್ತೆ ದಾಟುವುದನ್ನು ರಸ್ತೆ ಇಲ್ಲದೆಯೂ ಕಲಿಸಿದರು. ಕೊನೆಯ ಪಾಠ ಬೀಳ್ಕೊಳ್ಳುವ ಮರ್ಯಾದೆ.

"ಹೋಗ್ತೀನಿ ಅನ್ನಬಾರದು, ಅಪಶಕುನ. ಬರ್ತೀನಿ ಅನ್ನಬೇಕು. ಗೊತ್ತಾಯ್ತೇನಪ್ಪ?"

ಬಿಡುಗಡೆಯ ಬೆಳಿಗ್ಗೆ ಹೆಂಡತಿ ಪವಿತ್ರ ಮಗುವಿನೊಂದಿಗೆ ಗೇಟಿನಾಚೆ ನಿಂತಿದ್ದಳು. ಆವುಲಪ್ಪ ಅಧೀಕ್ಷಕ ರಮೇಶ್‌ಬಾಬು ಅವರಿಗೆ ಕೈಮುಗಿದು, "ಬರ್ತೀನಿ ಸಾ" ಎಂದ.

ಅಧೀಕ್ಷಕರು ಪೆನ್ನು ಕೆಳಗಿಟ್ಟರು. "ಎಲ್ಲಿಗೆ?"

"ಮನೆಗೆ ಸಾ."

"ಮನೆಗೆ ಹೋಗೋದಪ್ಪ. ಬರೋದು ಇಲ್ಲಿಗೆ."

ಮರಳಿ ಬರುವ ಇರಾದೆಯನ್ನು ಸ್ವಇಚ್ಛೆಯಿಂದ ವ್ಯಕ್ತಪಡಿಸಿದವನನ್ನು ಸುಧಾರಿಸಿದವನೆಂದು ಬಿಡಲು ಅವರಿಗೆ ಅಧಿಕಾರವಿರಲಿಲ್ಲ. ಆವುಲಪ್ಪ ಗಾಬರಿಯಾಗಿ, "ಹೋಗ್ತೀನಿ ಸಾ, ಹೋಗೇಬಿಡ್ತೀನಿ" ಎಂದ. ಪಕ್ಕದಲ್ಲೇ ನಿಂತಿದ್ದ ಶಿರೀಷಾ ಮೇಡಂ ತುಂಬಾ ನೊಂದುಕೊಂಡು, ಮರ್ಯಾದೆಯ ಪಾಠದಲ್ಲಿ ಅವನನ್ನು ನಪಾಸು ಮಾಡಿದರು. ಏನೂ ಹೇಳದೆ ಹೊರಟರೆ ಆಗದೇ ಎಂದು ಅವನು ಕೇಳಿದ. ಜೈಲಿನಿಂದ ಹೇಳದೆ ಹೊರಡುವುದಕ್ಕೆ ಕಾನೂನಿನಲ್ಲಿ ಪರಾರಿ ಎನ್ನುತ್ತಾರೆಂದು ಅಧೀಕ್ಷಕರು ಮೃದುವಾಗಿಯೇ ತಿಳಿಸಿದರು.

ಗೇಟಿನಾಚೆ ಮಗು ಅಳುವುದು ಕೇಳುತ್ತಿತ್ತು. ಅಳು ಕೇಳಿಸುವುದಕ್ಕೆ ಮಾತ್ರ ಯಾವ ನಿಯಮದ ಅಡ್ಡಿಯೂ ಇರಲಿಲ್ಲ.

ಜೈಲಿನ ಬಿಡುಗಡೆ ಸಮಿತಿ ಸೇರಿತು, ಟೀ ಕುಡಿಯಿತು, ಮಾನವೀಯತೆಯ ದೃಷ್ಟಿಯಿಂದ ಆದೇಶ ಹೊರಡಿಸಿತು: "ಬೀಳ್ಕೊಳ್ಳುವ ಎಲ್ಲ ವಿಧಾನಗಳಲ್ಲೂ ಅನುಭವವುಳ್ಳ ಏಕೈಕ ಕೈದಿಯಾದ್ದರಿಂದ, ಸೂಕ್ತ ಪದವು ಮೇಲಿನಿಂದ ಮಂಜೂರಾಗುವವರೆಗೆ ಸದರಿ ಆವುಲಪ್ಪನು ಇತರರಿಗೆ ಹೊರಡುವುದನ್ನು ಕಲಿಸತಕ್ಕದ್ದು."

ವಿಷಯವನ್ನು ಅಧೀಕ್ಷಕರೇ ಗೇಟಿಗೆ ಬಂದು ಪವಿತ್ರಳಿಗೆ ತಿಳಿಸಿದರು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು.

"ಮೇಷ್ಟ್ರ ಕೆಲಸಾನಾ ಸಾ? ಪರ್ಮನೆಂಟಾ?"

"ಪರ್ಮನೆಂಟೇ ಕಣಮ್ಮ."

ಸಂಜೆ ಸಾದಲಿಯಲ್ಲಿ ಮನೆಮನೆಗೂ ಸಕ್ಕರೆ ಹಂಚಿದರು. ಅಮೃತಾಳಿಗೆ ಈಗ ಮಾತು ಬರುತ್ತದೆ. ಅಪ್ಪ ಎಲ್ಲಮ್ಮ ಎಂದು ಯಾರಾದರೂ ಕೇಳಿದರೆ, "ಡ್ಯೂಟಿ" ಎನ್ನುತ್ತಾಳೆ.